ಹಳೆಯ ಅಪ್‌ರೈಟ್ ಪಿಯಾನೊದ ಹ್ಯಾಮರ್ ಬದಲಾವಣೆ: ಕಳಚುವ ಮುನ್ನ ಅಳೆಯಬೇಕಾದುದು

ಈ ಟಿಪ್ಪಣಿಯಲ್ಲಿ ನಾನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಂಡಿರುವುದು ಇಪ್ಪತ್ತನೆಯ ಶತಮಾನದ ಆರಂಭದ ಕಾಲದ, ಮಂದ್ರದ ತಂತಿಗಳು ಉಳಿದವುಗಳ ಮುಂದೆ ಓರೆಯಾಗಿ ಹಾದುಹೋಗುವ ಅಪ್‌ರೈಟ್ ಪಿಯಾನೊಗಳನ್ನು. ತಂತಿಗೆ ಬಡಿದು ನಾದ ಎಬ್ಬಿಸುವ ಹ್ಯಾಮರಿನ ತುದಿಗೆ ತೊಗಲಿನ ಬದಲು ಉಣ್ಣೆಯ ಫೆಲ್ಟ್ ಹೊದಿಸುವ ವಿಧಾನಕ್ಕೆ ಪ್ಯಾರಿಸಿನ ಝಾನ್ ಆನ್ರಿ ಪಾಪ್ 1826ರಲ್ಲಿ ಪೇಟೆಂಟ್ ಪಡೆದನು. ಇಂದಿಗೂ ಹ್ಯಾಮರ್ ಎಂದರೆ ಮರದ ಅಚ್ಚಿನ ಮೇಲೆ ಬಿಗಿಯಾಗಿ ಒತ್ತಿ ಅಂಟಿಸಿದ ಫೆಲ್ಟ್. ಒಳಪದರಗಳು ಒತ್ತಡದಿಂದ ಕುಗ್ಗಿ, ಹೊರಪದರವು ಹಿಗ್ಗಿ ನಿಂತಿರುವುದರಿಂದಲೇ ಅದಕ್ಕೆ ಪುಟಿಯುವ ಗುಣ ಬಂದಿದೆ. ದಶಕಗಳ ಬಾರಿಸುವಿಕೆಯಿಂದ ಆ ಪುಟಿತ ಕಳೆದುಹೋಗಿ, ತಂತಿಗಳು ತುದಿಯಲ್ಲಿ ಗೀರು ಕೊರೆದು, ದನಿ ಲೋಹದಂತೆ ಕರ್ಕಶವಾಗುತ್ತದೆ.

ಗೀರು ಕಂಡ ಮಾತ್ರಕ್ಕೆ ಹ್ಯಾಮರ್ ಬದಲಿಸಬೇಕಾಗಿಲ್ಲ. ಫೆಲ್ಟ್ ಸಾಕಷ್ಟು ದಪ್ಪವಾಗಿ ಉಳಿದಿದ್ದರೆ, ಪಟ್ಟಿಗೆ ಅಂಟಿಸಿದ ಉಪ್ಪುಕಾಗದದಿಂದ ಹೆಗಲಿನಿಂದ, ಎಂದರೆ ತುದಿಯ ಇಬ್ಬದಿಯ ಇಳಿಜಾರಿನಿಂದ, ತುದಿಯ ಕಡೆಗೆ ಪದರ ಪದರವಾಗಿ ಉಜ್ಜಿ, ಮೊಟ್ಟೆಯಂಥ ಮೂಲ ಆಕಾರವನ್ನು ಮರಳಿ ತರಬಹುದು. ತಾರಸ್ಥಾಯಿಯ ಕೊನೆಯಲ್ಲಿ ಮರ ಕಾಣುವಷ್ಟು ಫೆಲ್ಟ್ ಸವೆದಿದ್ದರೆ, ಹುಳು ತಿಂದು ಟೊಳ್ಳಾಗಿದ್ದರೆ ಅಥವಾ ಮರದಿಂದ ಬಿಟ್ಟುಕೊಂಡಿದ್ದರೆ ಬದಲಾವಣೆಯೇ ದಾರಿ. ಆಗಲೂ ಕೆಲವನ್ನಷ್ಟೇ ಬದಲಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಇಳಿಯುತ್ತ ಹೋಗುವ ಒಂದೇ ಫೆಲ್ಟ್ ಹಾಳೆಯನ್ನು ಅಂಟಿಸಿದ ಮೇಲೆ ಕತ್ತರಿಸಿ ಹ್ಯಾಮರ್‌ಗಳನ್ನು ಬಿಡಿಸುತ್ತಾರೆ. ಹೊಸ ಕೆಲವು ಹ್ಯಾಮರ್‌ಗಳು ಹಳೆಯವುಗಳ ನಡುವೆ ಕಿವಿಗೆ ಬೇರೆಯಾಗಿಯೇ ಕೇಳಿಸುತ್ತವೆ.

ಹೊಸ ಹ್ಯಾಮರ್‌ಗಳನ್ನು ಯಾವುದೋ ಸಿದ್ಧ ಅಳತೆಗೆ ಕೂರಿಸಲಾಗದು. ಎದುರಿಗಿರುವ ಆ ಪಿಯಾನೊದ ತಂತಿಗಳು ಇರುವಂತೆಯೇ ಅವುಗಳಿಗೆ ಹೊಂದಿಸಬೇಕು. ಅದಕ್ಕೆ ಆಧಾರ ಹಳೆಯ ಹ್ಯಾಮರ್‌ಗಳೇ ಆಗಿರುವುದರಿಂದ, ಮೊದಲನೆಯದನ್ನು ಕಳಚುವ ಮುನ್ನವೇ ಎಲ್ಲಕ್ಕೂ ಸಂಖ್ಯೆ ಬರೆದು, ಪ್ರತಿ ವಿಭಾಗದ ಮೊದಲ ಮತ್ತು ಕೊನೆಯ ಹ್ಯಾಮರ್‌ಗಳ ಎತ್ತರ, ಓರೆ ಮತ್ತು ಶ್ಯಾಂಕಿನಿಂದ (ಹ್ಯಾಮರಿನ ತಲೆಯನ್ನು ಹೊತ್ತ ತೆಳು ಮರದ ಕಡ್ಡಿಯಿಂದ) ತುದಿಯವರೆಗಿನ ಉದ್ದವನ್ನು ದಾಖಲಿಸಬೇಕು. 85 ಕೀಗಳ ಹಳೆಯ ಪಿಯಾನೊ ಎದುರಾಗುವುದುಂಟು. ಆದ್ದರಿಂದ 88ರ ಸೆಟ್ ತರಿಸುವ ಮೊದಲು ಎಣಿಸಿ, ಮಂದ್ರ ವಿಭಾಗದಲ್ಲಿ ಎಷ್ಟು, ಉಳಿದ ವಿಭಾಗಗಳಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿಡಬೇಕು.

ಆದರೆ ಹಳೆಯ ಹ್ಯಾಮರ್ ಹೇಳುವ ಉದ್ದವನ್ನು ಹಾಗೆಯೇ ನಂಬುವಂತಿಲ್ಲ. ಹೆಚ್ಚು ಬಾರಿಸುವ ಮಧ್ಯಸ್ಥಾಯಿಯ ಹ್ಯಾಮರ್ ಸವೆದೂ, ಹಿಂದೊಮ್ಮೆ ಉಜ್ಜಿಸಿಕೊಂಡೂ ಎರಡು ಮೂರು ಮಿ.ಮೀ. ಕಿರಿದಾಗಿರಬಹುದು. ತುದಿ ಕಿರಿದಾದಷ್ಟೂ ಶ್ಯಾಂಕ್ ತಂತಿಯ ಕಡೆಗೆ ಹೆಚ್ಚು ವಾಲಿ, ತಂತಿಗೆ ಸಮಾಂತರವಾಗುವ ನಿಲುವನ್ನು ದಾಟಿಯೇ ಹೊಡೆಯುತ್ತದೆ. ಅತಿ ಕಡಿಮೆ ಬಳಕೆಯ ಕೆಳತುದಿಯ ಮಂದ್ರದ ಹ್ಯಾಮರ್‌ಗಳು ಈ ವಿಷಯದಲ್ಲಿ ಹೆಚ್ಚು ವಿಶ್ವಾಸಾರ್ಹ. ಉಳಿದೆಡೆ ನೇರವಾದ ವಿಧಾನವೊಂದಿದೆ: ತಲೆಯನ್ನು ತೆಗೆದ ಬರಿಯ ಶ್ಯಾಂಕನ್ನು ತಂತಿಗೆ ಸಮಾಂತರವಾಗುವವರೆಗೆ ಮುಂದೆ ತಂದು, ಅದರ ನಡುಗೆರೆಯಿಂದ ತಂತಿಯವರೆಗಿನ ಅಂತರವನ್ನು ಅಳೆಯಬೇಕು. ಹೊಸ ಹ್ಯಾಮರಿಗೆ ಬೇಕಾದ ಉದ್ದ ಅದೇ. ಓರೆ ತಂತಿಗಳು ಮುಂದಕ್ಕೆ ಇರುವುದರಿಂದ ಮಂದ್ರ ವಿಭಾಗಕ್ಕೆ ಈ ಅಳತೆ ಬೇರೆಯೇ ಬರುತ್ತದೆ.

ಇನ್ನು ಹೊಡೆತದ ಬಿಂದು. ತಂತಿಯ ನಾದ ಕೊಡುವ ಉದ್ದದಲ್ಲಿ ಹ್ಯಾಮರ್ ಎಲ್ಲಿ ತಗಲುತ್ತದೆ ಎಂಬುದರ ಮೇಲೆ ಯಾವ ಉಪಸ್ವರಗಳು ಏಳುತ್ತವೆ, ಯಾವುವು ಅಡಗುತ್ತವೆ ಎಂಬುದು ನಿಂತಿದೆ. ಮಂದ್ರ ಮತ್ತು ಮಧ್ಯದಲ್ಲಿ ಅದು ಸಾಮಾನ್ಯವಾಗಿ ಉದ್ದದ ಎಂಟನೆಯ ಒಂದು ಭಾಗದ ಆಸುಪಾಸಿನಲ್ಲಿದ್ದು, ತಾರಸ್ಥಾಯಿಯ ಕಡೆಗೆ ಇನ್ನೂ ಕಿರಿದಾಗುತ್ತದೆ. ಮಧ್ಯದ ತಂತಿಯ ಉದ್ದ ಸುಮಾರು 40 ಸೆಂ.ಮೀ. ಇದ್ದರೆ ಆ ಬಿಂದು ತಂತಿಯ ತುದಿಯಿಂದ 5 ಸೆಂ.ಮೀ. ದೂರದಲ್ಲಿರುತ್ತದೆ. ಅಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ಕಿವಿಗೆ ತಿಳಿಯುವುದಿಲ್ಲ. ಕೊನೆಯ ಸ್ವರದ ತಂತಿ ಸುಮಾರು 5 ಸೆಂ.ಮೀ. ಮಾತ್ರ. ಹದಿನಾರನೆಯ ಒಂದು ಭಾಗವೆಂದರೆ 3 ಮಿ.ಮೀ.ಗಿಂತ ತುಸು ಹೆಚ್ಚು. ಅಲ್ಲಿ ಅದೇ ಒಂದು ಮಿ.ಮೀ. ತಪ್ಪು ಬಿಂದುವನ್ನು ಮೂರನೆಯ ಒಂದು ಭಾಗದಷ್ಟು ಸರಿಸಿ, ಸ್ವರವನ್ನು ಮರದ ಟಕ್ ಸದ್ದಾಗಿಸುತ್ತದೆ. ಆದ್ದರಿಂದ ಮೇಲಿನ ಒಂದೂವರೆ ಸ್ಥಾಯಿಯಲ್ಲಿ ಅಂಟು ಹಚ್ಚದೆಯೇ ಹ್ಯಾಮರನ್ನು ಶ್ಯಾಂಕಿಗೆ ಸಿಕ್ಕಿಸಿ, ತುಸು ಮೇಲೆ ಕೆಳಗೆ ಸರಿಸುತ್ತ ಬಾರಿಸಿ, ದನಿ ಅತ್ಯಂತ ಸ್ಪಷ್ಟವಾಗಿ ತೆರೆಯುವ ಎತ್ತರವನ್ನು ಗುರುತಿಸಬೇಕು. ಹಳೆಯ ಹ್ಯಾಮರಿನ ಎತ್ತರಕ್ಕೂ ಕಿವಿಯ ತೀರ್ಪಿಗೂ ವ್ಯತ್ಯಾಸ ಕಂಡರೆ ನಾನು ಕಿವಿಯ ಪಕ್ಷ. ಕಾರ್ಖಾನೆಯಲ್ಲೂ ಈ ಭಾಗ ಅವಸರದಲ್ಲಿ ಮುಗಿದಿರುವ ಸಾಧ್ಯತೆ ಇದ್ದೇ ಇದೆ.

ಕಳಚುವ ಕೆಲಸ ಅಷ್ಟು ಕಷ್ಟದ್ದಲ್ಲ. ಹಳೆಯ ಪ್ರಾಣಿಜನ್ಯ ಅಂಟು ಒಣಗಿ ಗಾಜಿನಂತಾಗಿರುವುದರಿಂದ, ತಲೆಯನ್ನು ಹಿಡಿದು ಶ್ಯಾಂಕನ್ನು ಒತ್ತಿ ಹೊರದೂಡುವ ಸಣ್ಣ ಸಾಧನಕ್ಕೆ ಅದು ಬೇಗ ಬಿಟ್ಟುಕೊಡುತ್ತದೆ. ಶ್ಯಾಂಕ್ ನೆಟ್ಟಗಿದ್ದು, ಬುಡದ ಬಟ್ ಎಂಬ ಮರದ ತುಂಡಿನಲ್ಲಿ ಗಟ್ಟಿಯಾಗಿದ್ದರೆ ಕಲಿಯುವವರು ಅದನ್ನು ಉಳಿಸಿಕೊಳ್ಳುವುದೇ ಲೇಸು. ಉಳಿದ ಅಂಟನ್ನು ಕೆರೆದು ತೆಗೆಯುವಾಗ ಮರ ತೆಳುವಾಗದಂತೆ ನೋಡಿಕೊಳ್ಳಬೇಕು. ಬಟ್ ತಿರುಗುವ ನಡುಪಿನ್ನು ಸಡಿಲವಾಗಿದ್ದರೆ ಮೊದಲು ಒಂದು ಅಳತೆ ದಪ್ಪನೆಯ ಪಿನ್ನು ಹಾಕಬೇಕು; ಪಕ್ಕಕ್ಕೆ ಅಲ್ಲಾಡುವ ಬಟ್ಟಿನ ಮೇಲೆ ಎಷ್ಟು ನಿಖರವಾಗಿ ಹ್ಯಾಮರ್ ಕೂರಿಸಿದರೂ ಅದು ನಿಂತಲ್ಲಿ ನಿಲ್ಲದು.

ಕೂರಿಸುವಾಗ ಪ್ರತಿ ವಿಭಾಗದ ಎರಡು ತುದಿಗಳ ಹ್ಯಾಮರ್‌ಗಳನ್ನು ಮೊದಲು ಅಂಟಿಸಿ, ಒಣಗಿದ ಮೇಲೆ ಅವುಗಳ ನಡುವೆ ನೇರಪಟ್ಟಿ ಹಿಡಿದು ಉಳಿದವುಗಳನ್ನು ಆ ಸಾಲಿಗೆ ತರುವುದು ವಾಡಿಕೆ. ತಾರದ ಕೊನೆಯಲ್ಲಿ ಮಾತ್ರ ಕಿವಿ ಗುರುತಿಸಿದ ಬಾಗಿದ ಸಾಲನ್ನೇ ಅನುಸರಿಸಬೇಕು. ಬಿಸಿ ಅಂಟು ಬೇಗ ಹಿಡಿಯುತ್ತದೆ, ಮುಂದೆ ಶಾಖ ಮತ್ತು ತೇವದಿಂದ ಬಿಚ್ಚಲೂ ಬರುತ್ತದೆ; ಆದರೆ ಅದಕ್ಕೆ ಪಳಗಿದ ಕೈ ಬೇಕು. ಬಡಗಿಗಳ ಬಿಳಿ ಅಂಟು ನಿಧಾನವಾಗಿ ಹಿಡಿಯುವುದರಿಂದ ತಲೆಯನ್ನು ತಿರುಗಿಸಿ ಸರಿಪಡಿಸಲು ಸಮಯ ಸಿಗುತ್ತದೆ. ರಂಧ್ರ ಅತಿ ಬಿಗಿಯಾದರೆ ಶ್ಯಾಂಕ್ ಅಂಟನ್ನು ಒರೆಸಿಕೊಂಡು ಒಳಹೋಗುತ್ತದೆ, ಸಡಿಲವಾದರೆ ಹಿಡಿತವಿರದು. ಕೈಯಿಂದಲೇ ಒತ್ತಿ ಕೂರಿಸಬಹುದಾದ ಬಿಗಿ ಸಾಕು. ಒಣಗಿದ ಬಳಿಕ ಪಕ್ಕಕ್ಕೆ ಓಡುವ ಹ್ಯಾಮರನ್ನು ಅದರ ಬಟ್ಟನ್ನು ಹಿಡಿದಿರುವ ಫ್ಲೇಂಜಿನ ಒಂದು ಬದಿಗೆ ಕಾಗದದ ಸಣ್ಣ ಪಟ್ಟಿ ಕೊಟ್ಟು ನೇರಗೊಳಿಸಬೇಕು.

ಆಮೇಲೆ ಇಡೀ ಆಕ್ಷನ್ನನ್ನು (ಕೀಯ ಒತ್ತನ್ನು ಹ್ಯಾಮರಿಗೆ ಮುಟ್ಟಿಸುವ ಯಂತ್ರಭಾಗವನ್ನು) ಹೊಂದಿಸಬೇಕು, ಏಕೆಂದರೆ ತುದಿ ಈಗ ತಂತಿಗೆ ಮೊದಲಿಗಿಂತ ಹತ್ತಿರವಾಗಿದೆ. ವಿಶ್ರಾಂತಿಯಲ್ಲಿ ಹ್ಯಾಮರಿನಿಂದ ತಂತಿಗೆ ಸುಮಾರು 45 ಮಿ.ಮೀ., ಕೀಯ ತಳ್ಳುವಿಕೆಯಿಂದ ಹ್ಯಾಮರ್ ಬಿಡಿಸಿಕೊಳ್ಳುವ ಬಿಡುಗಡೆಯ ಕ್ಷಣದಲ್ಲಿ ಸುಮಾರು 3 ಮಿ.ಮೀ., ಹೊಡೆದು ಮರಳಿ ಹಿಡಿತಕ್ಕೆ ಸಿಕ್ಕಾಗ ಸುಮಾರು 15 ಮಿ.ಮೀ. ಅಂತರ ಸಾಮಾನ್ಯ. ಮೂರು ತಂತಿಗಳಿರುವಲ್ಲಿ ತುದಿ ಮೂರನ್ನೂ ಒಂದೇ ಕ್ಷಣಕ್ಕೆ ಮುಟ್ಟುತ್ತಿದೆಯೇ ಎಂದು ತಿಳಿಯಲು ಹ್ಯಾಮರನ್ನು ತಂತಿಗೆ ಮೃದುವಾಗಿ ಒತ್ತಿ ಹಿಡಿದು ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಬೇಕು. ಮೊಳಗುವ ತಂತಿಗೆ ಫೆಲ್ಟ್ ತಗಲಿಲ್ಲ. ಸೂಜಿಯಿಂದ ಚುಚ್ಚಿ ದನಿಯನ್ನು ಮೃದುಗೊಳಿಸುವ ಕೆಲಸವನ್ನು ಇದೆಲ್ಲ ಮುಗಿದು, ಶ್ರುತಿ ಕೂಡಿದ ಮೇಲೆಯೇ ಹೆಗಲಿನಿಂದ ಆರಂಭಿಸಬೇಕು. ತುದಿಯ ನಟ್ಟನಡುವೆ ಆಳವಾಗಿ ಚುಚ್ಚಿದ ಫೆಲ್ಟ್ ಮತ್ತೆ ಬಿಗಿಯಾಗುವುದಿಲ್ಲ.