ಮಾತ್ರೆ ಬಿಟ್ಟ ಮೇಲೆ ಶುಗರ್‌ನ ಲೆಕ್ಕ

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯ ಮೇಲೆ ಬೆಳಗಿನ ಸುತ್ತು ಹಾಕುವವರ ನಡುವೆ ‘ನಮ್ಮ ಶುಗರ್ ಹೋತ್ರಿ’ ಎಂಬ ಮಾತು ಈಗ ಆಗಾಗ ಕಿವಿಗೆ ಬೀಳುತ್ತದೆ. ವಿಚಾರಿಸಿ ನೋಡಿ: ಒಬ್ಬರು ಮಾತ್ರೆ ನುಂಗುತ್ತಲೇ ಇದ್ದಾರೆ, ರಿಪೋರ್ಟು ಮಾತ್ರ ನಾರ್ಮಲ್. ಇನ್ನೊಬ್ಬರು ಮಾತ್ರೆ ಬಿಟ್ಟು ವಾರವಷ್ಟೇ ಆಗಿದೆ. ಮತ್ತೊಬ್ಬರು ಖಾಲಿ ಹೊಟ್ಟೆಯ ಒಂದೇ ಪರೀಕ್ಷೆ ನೋಡಿ ನಿರಾಳರಾದವರು. ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎನ್ನುವ ಜಾಹೀರಾತುಗಳ ಲೆಕ್ಕದಲ್ಲಿ ಮೂವರೂ ಪಾಸು. ವೈದ್ಯರು ರೆಮಿಷನ್ ಎನ್ನುವ ಸ್ಥಿತಿಯಲ್ಲಿ, ಅಂದರೆ ಔಷಧವಿಲ್ಲದೆಯೂ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗೇ ನಿಲ್ಲುವ ಸ್ಥಿತಿಯಲ್ಲಿ, ಇವರಲ್ಲಿ ಒಬ್ಬರೂ ಇದ್ದಾರೆಂದು ಹೇಳಲಾಗದು.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಗುವವರೆಗೆ ಪಥ್ಯವೇ ಮುಖ್ಯ ಮದ್ದು, ನಂತರದ ಮುಕ್ಕಾಲು ಶತಮಾನ ಔಷಧದ್ದು. ಟೈಪ್ 2 ಮಧುಮೇಹ ವರ್ಷ ಕಳೆದಂತೆ ಏರುತ್ತಲೇ ಹೋಗುತ್ತದೆ ಎಂದು 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ತೋರಿಸಿತು. ‘ಬಂದ ಶುಗರ್ ಹೋಗಂಗಿಲ್ಲ’ ಎಂಬ ನಮ್ಮ ಮಾತಿಗೆ ಅಂಕಿಅಂಶದ ಬಲವೂ ಬಂತು. ಆದರೆ ಅದಕ್ಕೂ ಮೊದಲೇ, 1995ರಲ್ಲಿ, ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಹುಪಾಲು ಮಧುಮೇಹಿಗಳ ಸಕ್ಕರೆ ಸಹಜಕ್ಕೆ ಬಂದಿದ್ದನ್ನು ಅಮೆರಿಕದ ಸರ್ಜನ್ ವಾಲ್ಟರ್ ಪೋರಿಸ್ ವರದಿ ಮಾಡಿದ್ದರು.

ಇದನ್ನು ಅಳೆಯುವುದು ಹೇಗೆಂಬ ಗೊಂದಲ ಶುರುವಾದದ್ದು ಅಲ್ಲಿಂದ. 2009ರಲ್ಲಿ ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ ಕೂಡಿಸಿದ ತಜ್ಞರು ಮೂರು ಮೆಟ್ಟಿಲು ಮಾಡಿದರು: ಭಾಗಶಃ, ಪೂರ್ಣ, ದೀರ್ಘಕಾಲದ ರೆಮಿಷನ್. ಮೊದಲೆರಡಕ್ಕೆ ಔಷಧವಿಲ್ಲದೆ ಕನಿಷ್ಠ ಒಂದು ವರ್ಷ, ಮೂರನೆಯದಕ್ಕೆ ಐದು ವರ್ಷ. ಕಾಗದದ ಮೇಲೆ ಚೊಕ್ಕ, ಬಳಕೆಯಲ್ಲಿ ಸಿಕ್ಕುಸಿಕ್ಕು. ಒಂದೊಂದು ಅಧ್ಯಯನ ಒಂದೊಂದು ಅಳತೆ ಹಿಡಿಯಿತು.

2017ರ ಡಿಸೆಂಬರಿನಲ್ಲಿ ಬ್ರಿಟನ್ನಿನ ‘ಡೈರೆಕ್ಟ್’ (DiRECT) ಎಂಬ ಅಧ್ಯಯನದ ಮೊದಲ ಫಲಿತಾಂಶ ಬಂತು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನ 306 ಮಂದಿ, ರೋಗ ಪತ್ತೆಯಾಗಿ ಆರು ವರ್ಷ ದಾಟದವರು, ಇನ್ಸುಲಿನ್ ತೆಗೆದುಕೊಳ್ಳದವರು. ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825–853 ಕ್ಯಾಲೊರಿಯ ಪಾನೀಯವಷ್ಟೇ ಊಟ. ವರ್ಷದ ಕೊನೆಗೆ ಅವರಲ್ಲಿ ಶೇ 46 ಮಂದಿ ರೆಮಿಷನ್‌ನಲ್ಲಿದ್ದರು. 15 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಇಳಿದವರಲ್ಲಂತೂ ಶೇ 86. ಪಿತ್ತಜನಕಾಂಗ ಮತ್ತು ಮೇದೋಜೀರಕದಲ್ಲಿ ತುಂಬಿದ ಕೊಬ್ಬು ಕರಗಿದರೆ ಇನ್ಸುಲಿನ್ ಸ್ರವಿಕೆ ಮರಳುತ್ತದೆ ಎಂಬುದು ಅಧ್ಯಯನದ ಮುಂದಾಳುಗಳಲ್ಲೊಬ್ಬರಾದ ರಾಯ್ ಟೇಲರ್ ಅವರ ವಿವರಣೆ.

ಜಾಹೀರಾತುಗಳು ಓದಿದ್ದು ಇಲ್ಲಿಯವರೆಗೆ ಮಾತ್ರ. ಎರಡನೇ ವರ್ಷಕ್ಕೆ ಶೇ 46 ಇದ್ದದ್ದು 36ಕ್ಕೆ ಇಳಿಯಿತು. ಮುಂದೆಯೂ ನಿಗಾ ಒಪ್ಪಿಕೊಂಡ ಗುಂಪಿನಲ್ಲಿ ಐದನೇ ವರ್ಷ ಉಳಿದವರು ಶೇ 13. ತೂಕ ಮರಳಿದವರನ್ನು ಮತ್ತೆ ಪಾನೀಯದ ಪಥ್ಯಕ್ಕೆ ಕರೆಯುವ ಏರ್ಪಾಡು ಇದ್ದೂ ಇಷ್ಟು. ಹಾಗೆಂದು ಪಟ್ಟ ಶ್ರಮ ನೀರುಪಾಲಾಗಲಿಲ್ಲ: ಗಂಭೀರ ತೊಂದರೆಗಳು ಪಥ್ಯದ ಈ ಗುಂಪಿನಲ್ಲಿ ಹೋಲಿಕೆಯ ಗುಂಪಿಗಿಂತ ಅರ್ಧಕ್ಕೂ ಕಡಿಮೆ ಇದ್ದವು.

ಈ ನಡುವೆ 2021ರಲ್ಲಿ ಅಮೆರಿಕ, ಯುರೋಪ್, ಬ್ರಿಟನ್ನಿನ ಸಂಸ್ಥೆಗಳು ಕೂಡಿ ಮೆಟ್ಟಿಲುಗಳನ್ನು ತೆಗೆದುಹಾಕಿದವು. ಸಕ್ಕರೆ ಇಳಿಸುವ ಎಲ್ಲ ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ರಕ್ತಪರೀಕ್ಷೆ) ಶೇ 6.5ಕ್ಕಿಂತ ಕೆಳಗಿದ್ದರೆ ರೆಮಿಷನ್. ಊಟ, ವ್ಯಾಯಾಮದಿಂದ ಸಾಧಿಸಿದವರಾದರೆ ಆ ಕ್ರಮ ಶುರುಮಾಡಿ ಆರು ತಿಂಗಳೂ ಆಗಿರಬೇಕು. ಮೆಟ್‌ಫಾರ್ಮಿನ್ ಒಂದೇ ಮಾತ್ರೆ ಇದ್ದರೂ ಅದನ್ನು ರೆಮಿಷನ್ ಎನ್ನುವಂತಿಲ್ಲ. 2025ರಲ್ಲಿ ಭಾರತಕ್ಕೆ ಬಂದ, ಸಕ್ಕರೆ ಮತ್ತು ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿನ ಮೇಲಿರುವವರಿಗೂ ಇದೇ ಮಾತು.

ನಮ್ಮ ಕಡೆ ಇದಕ್ಕೆ ಬೇರೆ ಗಂಟುಗಳಿವೆ. ಮೇಲ್ನೋಟಕ್ಕೆ ತೆಳ್ಳಗಿದ್ದರೂ ಭಾರತೀಯರ ಒಡಲಲ್ಲಿ ಕೊಬ್ಬು ಹೆಚ್ಚೆಂದು ಪುಣೆಯ ಮಧುಮೇಹ ಸಂಶೋಧಕ ಡಾ. ಯಾಜ್ಞಿಕ್ ಎಂದೋ ತೋರಿಸಿದ್ದಾರೆ. ಹಾಗಾಗಿ ‘ನನಗೇನು ಹೊಟ್ಟಿ ಬಂದಿಲ್ಲ’ ಎಂಬ ಸಮಾಧಾನ ನಿಲ್ಲುವುದಿಲ್ಲ. ಜೋಳದ ರೊಟ್ಟಿ ಉಂಡರೆ ಶುಗರ್ ಏರದು ಎಂಬ ನಂಬಿಕೆಯೂ ಗಟ್ಟಿ. ನೂರು ಗ್ರಾಂ ಜೋಳದ ಹಿಟ್ಟಿನಲ್ಲೂ 70 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದೆ. ಎಷ್ಟು ರೊಟ್ಟಿ ಎಂಬುದೇ ಪ್ರಶ್ನೆ. ಲಗ್ನದ ಸೀಸನ್ನು, ಎಳ್ಳಮಾಸಿಯ ಚರಗ, ಹಬ್ಬದ ಮಾದಲಿ ದಾಟಿ ಇಳಿಸಿದ ತೂಕ ಕಾಯುವುದು ಮನೆಮಂದಿ ಸೇರಿದರಷ್ಟೇ ಆಗುವ ಕೆಲಸ. ಇನ್ನೊಂದು: ಕಬ್ಬಿಣದಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ನಮ್ಮ ಹೆಣ್ಣುಮಕ್ಕಳ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ನೋಡದೆ ತೀರ್ಮಾನ ಹೇಳುವಂತಿಲ್ಲ.

ಮಾತ್ರೆಗಾಗಿ ತಿಂಗಳಿಗೊಮ್ಮೆ ದವಾಖಾನೆಗೆ ಬರುತ್ತಿದ್ದವರಿಗೆ ಮಾತ್ರೆ ನಿಂತ ಮೇಲೆ ಬರಲು ನೆಪವೇ ಉಳಿಯುವುದಿಲ್ಲ. 2021ರ ಒಪ್ಪಂದ ಮಾತ್ರ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ ಮಾಡಿಸಬೇಕು, ಕಣ್ಣು, ಕಿಡ್ನಿ, ಪಾದಗಳ ತಪಾಸಣೆ ಬಿಡಬಾರದು ಎನ್ನುತ್ತದೆ. ಹಳೆಯ ಹಾನಿ ರೆಮಿಷನ್ ಬಂದಾಕ್ಷಣ ಅಳಿಯುವುದಿಲ್ಲ. ಸಕ್ಕರೆ ಥಟ್ಟನೆ ಇಳಿದಾಗ ಕೆಲವರ ಅಕ್ಷಿಪಟಲದ ತೊಂದರೆ ಸ್ವಲ್ಪ ಕಾಲ ಹೆಚ್ಚಿದ್ದೂ ಉಂಟು. ಇನ್ಸುಲಿನ್ ಅಥವಾ ಇನ್ಸುಲಿನ್ ಸ್ರವಿಕೆ ಹೆಚ್ಚಿಸುವ ಸಲ್ಫೊನಿಲ್‌ಯೂರಿಯಾ ಬಗೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಕಠಿಣ ಪಥ್ಯಕ್ಕಿಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಔಷಧ ತಗ್ಗಿಸುವ ಕ್ರಮವೂ ಕಣ್ಣಿನ ಪರೀಕ್ಷೆಯೂ ಪಥ್ಯ ಶುರುವಾಗುವ ಮೊದಲೇ ನಿಗದಿಯಾಗಬೇಕು.