ಏಪ್ರಿಲ್‌ನಲ್ಲಿ ಕಾಣದ ನೆರಳು

ಸೋಲಾರ್ ವಾಟರ್ ಹೀಟರ್ ಕೂರಿಸುವುದು ನನ್ನ ಕೆಲಸ. ಮೈಸೂರಿನ ತಾರಸಿಗಳನ್ನು ಹತ್ತಿ ಇಳಿಯುತ್ತಾ ಇಪ್ಪತ್ತು ವರ್ಷ ದಾಟಿತು. ಶುರುವಿನಲ್ಲಿ ಒಮ್ಮೆ ಕುವೆಂಪುನಗರದ ಒಂದು ಮನೆಗೆ ಏಪ್ರಿಲ್ ಕೊನೆಯಲ್ಲಿ ಹೀಟರ್ ಕೂರಿಸಿದೆ. ದಕ್ಷಿಣಕ್ಕಿದ್ದ ಪಕ್ಕದ ಮನೆ ಒಂದು ಮಹಡಿ ಎತ್ತರ. ಆದರೂ ಮಧ್ಯಾಹ್ನ ಪ್ಯಾನೆಲ್ ಮೇಲೆ ಚೂರೂ ನೆರಳಿರಲಿಲ್ಲ. ಡಿಸೆಂಬರ್‌ನಲ್ಲಿ ಆ ಮನೆಯ ಅಮ್ಮ ಫೋನ್ ಮಾಡಿದರು. "ಏನಪ್ಪಾ, ನೀರು ಉಗುರುಬೆಚ್ಚಗೂ ಆಗ್ತಿಲ್ವಲ್ಲ?" ಹೋಗಿ ನೋಡಿದರೆ ಮಟಮಟ ಮಧ್ಯಾಹ್ನವೇ ಪಕ್ಕದ ಗೋಡೆಯ ನೆರಳು ಪ್ಯಾನೆಲ್ ಮೇಲೆ ಮಲಗಿದೆ. ಅವರ ಮಗ ನನಗೇ ಸಮಾಧಾನ ಹೇಳಿದ. "ಚಳಿಗಾಲದಲ್ಲಿ ಭೂಮಿ ಸೂರ್ಯನಿಂದ ದೂರ ಹೋಗುತ್ತಲ್ವಾ ಅಂಕಲ್, ನೀವೇನು ಮಾಡೋಕಾಗುತ್ತೆ?"

ತಪ್ಪು ನನ್ನದೇ. ಆದರೆ ಅವನು ಹೇಳಿದ್ದೂ ತಪ್ಪು.

ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಾವು ಸ್ವೆಟರ್ ಹುಡುಕುವ ಹೊತ್ತಿಗೆ. ಆಗ ಇರುವ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅದು 15.2 ಕೋಟಿ ಆಗುತ್ತದೆ. ದೂರದ ಲೆಕ್ಕವೇ ಸರಿಯಾಗಿದ್ದರೆ ಇಡೀ ಭೂಮಿಗೆ ಒಟ್ಟಿಗೇ ಬೇಸಿಗೆ ಬರಬೇಕಿತ್ತು. ಡಿಸೆಂಬರ್ 26ಕ್ಕೆ ಮೆಲ್ಬರ್ನ್‌ನಲ್ಲಿ ಶುರುವಾಗುವ ಟೆಸ್ಟ್ ಮ್ಯಾಚನ್ನು ನಾವು ಹೊದಿಕೆಯೊಳಗೆ ಕೂತು ನೋಡುತ್ತೇವೆ. ಅಲ್ಲಿ ಆಟಗಾರರು ಬೆವರು ಒರೆಸಿಕೊಳ್ಳುತ್ತಿರುತ್ತಾರೆ.

ಅಸಲಿ ವಿಷಯ ಓರೆಯದು. ಭೂಮಿ ನೆಟ್ಟಗೆ ನಿಂತು ಸುತ್ತುವುದಿಲ್ಲ, ಅದರ ಅಕ್ಷ 23.4 ಡಿಗ್ರಿ ವಾಲಿದೆ. ವರ್ಷಪೂರ್ತಿ ಅದು ಧ್ರುವ ನಕ್ಷತ್ರದ ಕಡೆಗೇ ಮುಖ ಮಾಡಿರುತ್ತದೆ. ಹಾಗಾಗಿ ಜೂನ್‌ನಲ್ಲಿ ಉತ್ತರದ ಅರ್ಧ ಸೂರ್ಯನ ಕಡೆ ವಾಲಿದಂತಾಗುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣದ ಅರ್ಧ. ವಾಲಿದರೆ ಏನಾಯಿತು? ಒಂದು ಸೇರು ರಾಗಿಯನ್ನು ಮೊರದಲ್ಲಿ ಹರಡಿ, ದಪ್ಪಗಿರುತ್ತದೆ. ಅದನ್ನೇ ಚಾಪೆ ಮೇಲೆ ಹರಡಿ, ತೆಳುವಾಗುತ್ತದೆ. ನೆತ್ತಿ ಮೇಲಿನ ಬಿಸಿಲು ಮೊರದ ರಾಗಿ, ಓರೆ ಬಿಸಿಲು ಚಾಪೆಯ ರಾಗಿ. ಜೊತೆಗೆ ಹಗಲೂ ಗಿಡ್ಡವಾಗುತ್ತದೆ. ಲಂಡನ್ನಿನಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಯೂ ಇರುವುದಿಲ್ಲ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ನಮ್ಮ ಚಳಿ ಅಷ್ಟು ಸೌಮ್ಯವಾಗಿರುವುದು ಅದಕ್ಕೇ.

ಮೈಸೂರು ಇರುವುದು ಉತ್ತರಕ್ಕೆ 12.3 ಡಿಗ್ರಿಯಲ್ಲಿ. ತಾರಸಿ ಮೇಲೆ ಒಂದು ಮೀಟರ್ ಕೋಲು ನೆಡಿ. ಡಿಸೆಂಬರ್ 21ರ ನಡುಹಗಲಲ್ಲಿ ನೆರಳು ಉತ್ತರಕ್ಕೆ 72 ಸೆಂಟಿಮೀಟರ್ ಬೀಳುತ್ತದೆ. ಏಪ್ರಿಲ್ 22, 23ರ ಸುಮಾರಿಗೆ ಸೊನ್ನೆ. ಜೂನ್ 21ಕ್ಕೆ 20 ಸೆಂಟಿಮೀಟರ್, ಆದರೆ ದಕ್ಷಿಣಕ್ಕೆ! ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಇದನ್ನು ಹೇಳಿದರೆ ಇಂಜಿನಿಯರ್‌ಗಳೂ ನಂಬುವುದಿಲ್ಲ, ಕೋಲು ನೆಟ್ಟೇ ತೋರಿಸಬೇಕು. ವಾಪಸ್ ಬರುವಾಗ ಆಗಸ್ಟ್ 20ರ ಆಸುಪಾಸಿನಲ್ಲಿ ಮತ್ತೊಮ್ಮೆ ನೆತ್ತಿ ಮೇಲೆ ಹಾಯುತ್ತಾನೆ.

ಹಾಗಿದ್ದರೆ ಆಗಸ್ಟ್‌ನಲ್ಲೂ ಏಪ್ರಿಲ್‌ನಂಥ ಸೆಖೆ ಇರಬೇಕಲ್ಲ? ಇರುವುದಿಲ್ಲ, ಯಾಕೆಂದರೆ ನಡುವೆ ಮುಂಗಾರು ಇದೆ. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ನೆಲದ ಕಡೆ ಸಮುದ್ರದ ತೇವದ ಗಾಳಿ ನುಗ್ಗುತ್ತದೆ, ಮೋಡ ಕವಿಯುತ್ತದೆ. ಮೂಲದಲ್ಲಿ ಅದೂ ಆ ಓರೆಯ ಕೆಲಸವೇ. ಶಾಲೆಯಲ್ಲಿ ಕಲಿಸುವ ನಾಲ್ಕು ಕಾಲದ ಚಿತ್ರ ಚಳಿ ದೇಶದವರಿಗೆ ಸರಿ. ಮಂಡ್ಯದ ಗದ್ದೆಯವರು ಅಶ್ವಿನಿ ಮಳೆ, ಭರಣಿ ಮಳೆ ಎಂದು ಲೆಕ್ಕ ಹಾಕುತ್ತಾರಲ್ಲ, ಅದೂ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎನ್ನುವ ಲೆಕ್ಕವೇ. ನನಗೆ ಅದೇ ಹೆಚ್ಚು ಹತ್ತಿರ ಅನ್ನಿಸುತ್ತದೆ. ಇನ್ನು ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಅಂತೀವಿ. ನಿಜ ಹೇಳಬೇಕೆಂದರೆ, ನಾವು ಎಳ್ಳು ಬೀರುವ ಹೊತ್ತಿಗೆ ಅವನು ತಿರುಗಿ ಮೂರು ವಾರ ದಾಟಿರುತ್ತದೆ.

ಈ ಲೆಕ್ಕವೇ ನಮ್ಮ ಸ್ಟ್ಯಾಂಡ್‌ನ ಓರೆಯನ್ನೂ ತೀರ್ಮಾನಿಸುತ್ತದೆ. ಬಿಸಿನೀರು ಜಾಸ್ತಿ ಬೇಕಾಗುವುದು ಚಳಿಗಾಲದಲ್ಲಿ. ಆಗ ನಡುಹಗಲ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಪ್ಯಾನೆಲನ್ನು ದಕ್ಷಿಣಕ್ಕೆ 25 ಡಿಗ್ರಿ ವಾಲಿಸಿದರೆ ಬಿಸಿಲು ಹೆಚ್ಚುಕಮ್ಮಿ ನೇರವಾಗಿ ಬೀಳುತ್ತದೆ. ಏಪ್ರಿಲ್‌ನಲ್ಲಿ ಸ್ವಲ್ಪ ನಷ್ಟ. ಆದರೆ ಏಪ್ರಿಲ್‌ನಲ್ಲಿ ಬಿಸಿನೀರು ಯಾರಿಗೆ ಬೇಕು?

ಕುವೆಂಪುನಗರದ ಆ ಗೋಡೆ ಪ್ಯಾನೆಲ್‌ಗಿಂತ ಮೂರು ಮೀಟರ್ ಎತ್ತರವಿತ್ತು. ಡಿಸೆಂಬರ್ ನಡುಹಗಲಲ್ಲೂ ಅದರ ನೆರಳು ಎರಡು ಮೀಟರ್ ದಾಟುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ನನ್ನ ಖರ್ಚಿನಲ್ಲೇ ಸ್ಟ್ಯಾಂಡ್ ಬಿಚ್ಚಿ ತಾರಸಿಯ ಉತ್ತರದ ಅಂಚಿಗೆ ಸಾಗಿಸಿದೆ. ಅಮ್ಮ ಕಾಫಿ ಕೊಟ್ಟು ಕೇಳಿದರು, "ಮೊದ್ಲೇ ಇಲ್ಲಿಗೆ ಯಾಕೆ ಹಾಕ್ಲಿಲ್ಲ?" ಏಪ್ರಿಲ್‌ನಲ್ಲಿ ನೆರಳು ಕಾಣಲಿಲ್ಲ ಅಮ್ಮ, ಅಂದೆ.