ಸಬ್‌ವೂಫರ್ ಕೊಳ್ಳುವ ಮೊದಲು ಟೇಪ್ ಹಿಡಿದು ರೂಮ್ ಅಳೆಯಿರಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಬ್‌ವೂಫರ್, ಅಂದರೆ ಬೇಸ್ (ತಗ್ಗು ಸ್ವರ) ನುಡಿಸುವ ಸ್ಪೀಕರ್, ಕೇಳಲು ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, ಇದು ಎಷ್ಟು ವ್ಯಾಟ್? ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಮರೆತುಬಿಡಿ. ಆ ಅಂಕಿಯನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ವ್ಯಾಟ್ ನೋಡಿ. ಅದು ಕೂಡ ದುಪ್ಪಟ್ಟಾದರೆ ಶಬ್ದ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಬೇಸ್ ಚೆನ್ನಾಗಿ ಕೇಳುತ್ತೋ ಇಲ್ಲವೋ ಅನ್ನುವುದು ಜಾಸ್ತಿ ನಿಂತಿರುವುದು ರೂಮಿನ ಮೇಲೆ. ವಿಜಯನಗರದ ನನ್ನ ಗೆಳೆಯ ಒಂದು ದಿನ ಫೋನ್ ಮಾಡಿ, "ಬೇಸೇ ಬರ್ತಿಲ್ಲ ಕಣೋ, 15 ಇಂಚಿಂದು ತಗೊಳ್ತೀನಿ" ಅಂದ. ಹೋಗಿ ನೋಡಿದೆ. 14 ಅಡಿ ಉದ್ದದ ರೂಮು, ಸೋಫಾ ಸರಿಯಾಗಿ ಮಧ್ಯಕ್ಕೆ. ಅಲ್ಲಿ ಕೂತರೆ ಬೇಸ್ ಸಪ್ಪೆ. ಎದ್ದು ಹಿಂದಿನ ಗೋಡೆಗೆ ಒರಗಿ ನಿಂತರೆ ಎದೆ ಗುಮ್ಮೆನ್ನುತ್ತೆ, ಪಕ್ಕದ ಶೋಕೇಸಿನ ಗಾಜು ಗಡಗಡ ಅಂತಿದೆ!

ಬಕೆಟ್ಟಿಗೆ ಅರ್ಧ ನೀರು ತುಂಬಿ ಹಿಂದೆ ಮುಂದೆ ಅಲ್ಲಾಡಿಸಿ. ಲಯ ಕೂಡಿದಾಗ ಎರಡೂ ಅಂಚಿನಲ್ಲಿ ನೀರು ಏರಿ ಇಳಿಯುತ್ತೆ, ನಡುವೆ ಮಟ್ಟ ಹಾಗೇ ಇರುತ್ತೆ. ಮುಚ್ಚಿದ ರೂಮಿನ ಗಾಳಿಯೂ ಹೀಗೇ ತುಳುಕುತ್ತೆ. ಗೋಡೆಯ ಹತ್ತಿರ ಒತ್ತಡ ಏರಿಳಿಯುತ್ತೆ, ನಡುವೆ ಏನೂ ಇಲ್ಲ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಗೂ ಎತ್ತರಕ್ಕೆ ಹೋಗುತ್ತಲ್ಲ, ಸಬ್‌ವೂಫರ್ ತಳ್ಳುವುದೂ ಹಾಗೇ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ರೂಮಿನ ಉದ್ದದ ಎರಡರಷ್ಟರಿಂದ ಭಾಗಿಸಿ. 14 ಅಡಿ ಅಂದರೆ 4.27 ಮೀಟರ್, ಉತ್ತರ 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ತುಳುಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯೂ ಅಲ್ಲೇ ಆಸುಪಾಸು. ನಮ್ಮ ಬೆಂಗಳೂರಿನ 10 ಅಡಿಗೆ 10 ಅಡಿ ಬೆಡ್‌ರೂಮಿಗೆ ಸೂರೂ 10 ಅಡಿ ಇದ್ದರೆ ಇನ್ನೂ ಕಷ್ಟ, ಮೂರೂ ದಿಕ್ಕಿನ ತುಳುಕಾಟ ಒಂದೇ 56 ಹರ್ಟ್ಸಿನಲ್ಲಿ ಬಂದು ಕೂರುತ್ತೆ.

ಹೀಗೆ ಅದುರುವ ವಸ್ತುವಿನಲ್ಲಿ ಅಲುಗದ ಜಾಗಗಳನ್ನು ಕಣ್ಣಿಗೆ ತೋರಿಸಿದವನು ಜರ್ಮನಿಯ ವಿಜ್ಞಾನಿ ಕ್ಲಾಡ್ನಿ, 1787ರಲ್ಲಿ, ತಗಡಿನ ಮೇಲೆ ಮರಳು ಉದುರಿಸಿ. ನಮ್ಮ ಸಿ.ವಿ. ರಾಮನ್ ಮೃದಂಗದ ಮೇಲೂ ಮರಳು ಉದುರಿಸಿ ನೋಡಿದ್ದರು. ಚರ್ಮದ ನಡುವಿನ ಕಪ್ಪು ಕರಣೆ ಅದರ ನಾದವನ್ನು ಹೇಗೆ ಶ್ರುತಿಬದ್ಧ ಮಾಡುತ್ತೆ ಅಂತ ಇದೇ ಊರಿನಲ್ಲಿದ್ದಾಗ, 1934ರಲ್ಲಿ, ಬರೆದರು. ಅಂಥ ಊರಿನಲ್ಲಿ ಸಬ್‌ವೂಫರನ್ನು ವಾಸ್ತು ನೋಡಿ ಆಗ್ನೇಯ ಮೂಲೆಯಲ್ಲಿ ಇಡುವವರನ್ನು ಕಂಡರೆ ನನಗೆ ಬೇಜಾರಾಗುತ್ತೆ. ಯಾವ ಮೂಲೆಯಲ್ಲಿಟ್ಟರೂ ಎಲ್ಲ ತುಳುಕಾಟಗಳೂ ಒಟ್ಟಿಗೆ ಏಳುತ್ತವೆ, ದಿಕ್ಕು ಯಾವುದಾದರೂ ಅಷ್ಟೇ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದೂ ದಂಡ. 20 ಹರ್ಟ್ಸಿನ ಒಂದು ಅಲೆ 17 ಮೀಟರ್, ಬಿಎಂಟಿಸಿ ಬಸ್ಸಿಗಿಂತ ಉದ್ದ. ರಟ್ಟಿನ ಟ್ರೇ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಜಾಗ ಹುಡುಕಲು ಒಂದು ಉಪಾಯ ಇದೆ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಸೋಫಾ ಮೇಲೆ ಇಡಿ. ಬೇಸ್ ಇರುವ ಒಂದು ತುಣುಕನ್ನೇ ಮತ್ತೆ ಮತ್ತೆ ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟು ಕೇಳುತ್ತಾ ಹೋಗಿ. ಎಲ್ಲಿ ಪ್ರತಿ ಸ್ವರವೂ ಸಮನಾಗಿ ಕೇಳುತ್ತೋ ಅಲ್ಲಿ ಅದನ್ನು ಇಡಿ. ಶಬ್ದ ಹೊರಡುವ ಜಾಗ, ಕೇಳುವ ಜಾಗ ಅದಲು ಬದಲಾದರೂ ಫಲ ಒಂದೇ ಅನ್ನುವುದನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದ.

ಇನ್ನು ಯಾವುದನ್ನು ತರೋದು? ಅದೇ ಜೋರಿನಲ್ಲಿ 40ರಿಂದ 20 ಹರ್ಟ್ಸಿಗೆ ಇಳಿಯಲು ನಾಲ್ಕು ಪಟ್ಟು ಗಾಳಿ ತಳ್ಳಬೇಕು, ಹಾಗಾಗಿ ಸಿನಿಮಾದ ಗುಡುಗಿಗೆ ದೊಡ್ಡ ಕೋನ್ (ಸ್ಪೀಕರಿನ ಅದುರುವ ತಟ್ಟೆ) ಬೇಕು ಅನ್ನುವುದು ನಿಜ. ಆದರೆ ಸಣ್ಣ ರೂಮಿಗೆ ನಾನು ತೂತಿಲ್ಲದ ಸೀಲ್ಡ್ ಡಬ್ಬವನ್ನೇ ಹೇಳುತ್ತೇನೆ. ಪೋರ್ಟ್ ಅನ್ನುವ ತೂತು ಇರುವುದು ಒಂದು ಹಂತದವರೆಗೆ ಜೋರಾಗಿ ಬಂದು, ಕೆಳಗೆ ದಿಢೀರನೆ ಬೀಳುತ್ತೆ. ಸೀಲ್ಡ್ ನಿಧಾನಕ್ಕೆ ಇಳಿಯುತ್ತೆ, ಸಣ್ಣ ರೂಮು ಅದನ್ನು ಸ್ವಲ್ಪ ಎತ್ತಿಕೊಡುತ್ತೆ.

ಗೆಳೆಯ 15 ಇಂಚಿನದು ತರಲಿಲ್ಲ. ತನ್ನ 10 ಇಂಚಿನದಕ್ಕೆ ಅಂಥದ್ದೇ ಜೋಡಿ ತಂದ. ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಒಂದು. ಎರಡೂ ಕಡೆಯಿಂದ ಒಟ್ಟಿಗೆ ತಳ್ಳಿದಾಗ ಆ 40 ಹರ್ಟ್ಸಿನ ತುಳುಕಾಟ ಏಳುವುದೇ ಇಲ್ಲ. ಸೋಫಾ ಈಗಲೂ ಮಧ್ಯದಲ್ಲೇ ಇದೆ.